ಸಹಲು ಹೊರಟಿದೆ ಸಿನಿಮಾ ಊರಿಗೆ: ಒಂದು ದಿನ ಸಾಕೋ, ಮೂರು ದಿನ ಬೇಕೋ?

ಅಕ್ಕಲಕೋಟ: ಶಾಲೆಯ ಕರಿಹಲಗೆಯ ಮೇಲೆ ಗಣಿತ ಇದೆ. ಆದರೆ ಅದು ಪುಸ್ತಕದ ಗಣಿತ ಅಲ್ಲ. ಬಸ್ ಬಾಡಿಗೆ, ಟಿಕೆಟ್, ಊಟ, ವಸತಿ ಎಂದು ನಾಲ್ಕು ಗೆರೆ ಎಳೆದು ಹೆಡ್ ಮಾಸ್ತರು ಲೆಕ್ಕ ಹಾಕುತ್ತಿದ್ದಾರೆ. ಎದುರಿಗೆ ಏಳನೇ, ಎಂಟನೇ ಇಯತ್ತೆಯ 45 ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದಾರೆ. ಲೆಕ್ಕ ಕೂಡಿದರೆ ಬಾಹುಬಲಿಯ ಮಾಹಿಷ್ಮತಿ. ಕೂಡದಿದ್ದರೆ ಪ್ರತಿವರ್ಷದಂತೆ ಹತ್ತಿರದ ಯಾವುದಾದರೂ ಗುಡಿ, ಸಂಜೆಗೆ ಮನೆ!

ಹೌದು, ತಾಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಯ ಮಕ್ಕಳು ಈ ಸಲ ಸಹಲಿಗೆ ಆರಿಸಿಕೊಂಡಿರುವುದು ಹೈದರಾಬಾದಿನ ರಾಮೋಜಿ ಫಿಲಂ ಸಿಟಿ. ಆರಿಸುವುದು ಸುಲಭ, ಹೋಗಿ ಬರುವುದೇ ಕಷ್ಟ ಎಂಬುದು ಈ ಶಾಲೆಗೆ ಚೆನ್ನಾಗಿ ಗೊತ್ತು. ಏಕೆಂದರೆ ಎರಡು ವರ್ಷದ ಹಿಂದೆ ಒಮ್ಮೆ ಹೋಗಿ ಕೈಸುಟ್ಟುಕೊಂಡಿದ್ದಾರೆ.

"ಏನ್ ಹೇಳ್ಲಿರಿ, ರೊಕ್ಕ ಉಳಸಬೇಕಂತ ಒಂದs ದಿನದಾಗ ಮುಗಿಸಿ ಬರೂಣು ಅಂದಿವಿ. ರಾತ್ರಿ ಊಟ ಮಾಡಿ ಬಸ್ ಹತ್ತಿದ್ವಿ. ದಾರ್‍ಯಾಗ ಬಸ್ಸು ಪಂಕ್ಚರ್. ಮುಟ್ಟೂದ್ರಾಗ ಹನ್ನೊಂದೂವರಿ. ನಿದ್ದಿಗೆಟ್ಟ ಹುಡುಗೂರು ಅಲ್ಲಿ ತಿರಗಾಡೂ ಬಸ್ಸಿನ್ಯಾಗs ಮಲಗಿಬಿಟ್ವು. ಅರ್ಧ ಸೈತ ನೋಡಲಿಲ್ಲ. ಟಿಕೀಟು ಮಾತ್ರ ಪೂರಾ ತಗೊಂಡಿದ್ವಿ" ಎಂದು ಹೆಡ್ ಮಾಸ್ತರು ನಗುತ್ತ ಹೇಳುತ್ತಾರೆ. ಆದರೆ ಆ ನಗುವಿನಲ್ಲಿ ಬೇಸರವೂ ಇದೆ. ಕೂಲಿ ಮಾಡುವ ತಾಯಂದಿರು ಸೆರಗಿನ ಗಂಟು ಬಿಚ್ಚಿ ಕೊಟ್ಟ ರೊಕ್ಕ ಅದು.

ಹಾಗಾಗಿ ಈ ಸಲ ಅವಸರ ಇಲ್ಲ. ದಿನ ಎಷ್ಟು, ದಾರಿ ಯಾವುದು, ಯಾವ ವಾರ ಹೊರಡಬೇಕು ಎಂಬುದೆಲ್ಲ ನಾಲ್ಕು ತಿಂಗಳ ಮೊದಲೇ ಚರ್ಚೆಯಾಗಿದೆ. ಇವರ ತಯಾರಿಯಲ್ಲಿ ಗಡಿಭಾಗದ ಬೇರೆ ಶಾಲೆಗಳಿಗೂ, ಮನೆಮಂದಿ ಕೂಡಿ ಹೊರಡುವವರಿಗೂ ಕಲಿಯಲು ಬೇಕಾದಷ್ಟಿದೆ.

ಅಲ್ಲಿ ಇರುವುದಾದರೂ ಏನು?

ಈನಾಡು ಪತ್ರಿಕೆಯ ಸಂಸ್ಥಾಪಕ ರಾಮೋಜಿರಾವ್ 1996ರಲ್ಲಿ ಆರಂಭಿಸಿದ ಫಿಲಂ ಸಿಟಿ ಇದು. ಹೈದರಾಬಾದ್ ಪಟ್ಟಣದಿಂದ ಸುಮಾರು 30 ಕಿ.ಮೀ. ದೂರ, ವಿಜಯವಾಡ ರಸ್ತೆಯಲ್ಲಿ ಹಯಾತ್‌ನಗರ ದಾಟಿದ ಮೇಲೆ ಸಿಗುತ್ತದೆ. ಜಗತ್ತಿನ ಅತಿ ದೊಡ್ಡ ಫಿಲಂ ಸ್ಟುಡಿಯೋ ಸಮುಚ್ಚಯ ಎಂದು ಗಿನ್ನೆಸ್ ದಾಖಲೆಗೆ ಸೇರಿದೆ. ರಾಮೋಜಿರಾವ್ 2024ರ ಜೂನ್ 8ರಂದು ತೀರಿಕೊಂಡರು.

ಗಡಿಯ ಕನ್ನಡಿಗರಿಗೆ ಈ ಜಾಗ ಪೂರ್ತಿ ಪರಕೀಯವೇನಲ್ಲ. 2000ರಲ್ಲಿ ಶುರುವಾದ ಈಟಿವಿ ಕನ್ನಡ ಇದೇ ಬಳಗದ ವಾಹಿನಿ. 2015ರಲ್ಲಿ ಅದು ಕಲರ್ಸ್ ಕನ್ನಡ ಆಯಿತು. ಸುತ್ತಲೂ ಮರಾಠಿ ವಾಹಿನಿಗಳೇ ಇದ್ದ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸಂಜೆಯ ಕನ್ನಡ ಎಂದರೆ ಈಟಿವಿಯೇ ಆಗಿತ್ತು.

ಮಕ್ಕಳಿಗೆ ಮಾತ್ರ ಇದೆಲ್ಲ ಬೇಕಿಲ್ಲ. ಅವರ ಬಾಯಲ್ಲಿ ಒಂದೇ ಹೆಸರು: ಬಾಹುಬಲಿ! 2015 ಮತ್ತು 2017ರಲ್ಲಿ ತೆರೆಗೆ ಬಂದ ಆ ಎರಡು ಸಿನಿಮಾಗಳ ಸೆಟ್ಟನ್ನು ಕಿತ್ತುಹಾಕದೆ ನೋಡುವವರಿಗಾಗಿ ಉಳಿಸಿದ್ದಾರೆ. ಅದಲ್ಲದೆ ಸುಳ್ಳು ವಿಮಾನ ನಿಲ್ದಾಣ, ಸುಳ್ಳು ರೈಲ್ವೆ ಸ್ಟೇಷನ್, ಜೈಲು, ಪರದೇಶದ ಬೀದಿಗಳು, ಕೃಪಾಲು ಗುಹೆ, ಭಾಗವತದ ಸೆಟ್ಟು ಇವೆ. ಹೊರಗಿನಿಂದ ನೋಡಿದರೆ ಅರಮನೆ, ಹಿಂದೆ ಹೋದರೆ ಬರೀ ಹಲಗೆ ಮತ್ತು ಪ್ಲಾಸ್ಟರ್. ಸ್ಟೇಷನ್ನಿನ ಬೋರ್ಡು ಬದಲಿಸಿದರೆ ಊರೇ ಬದಲು!

ಚಿಕ್ಕ ಮಕ್ಕಳಿಗೆ ಫಂಡುಸ್ತಾನ್, ಆಟದ ರೈಡುಗಳು, ಹಕ್ಕಿಗಳ ಮತ್ತು ಚಿಟ್ಟೆಗಳ ಉದ್ಯಾನ ಇವೆ. ದೊಡ್ಡವರಿಗೆ ವೈಲ್ಡ್ ವೆಸ್ಟ್ ಸ್ಟಂಟ್ ಶೋ. ಆದರೆ ಶಾಲೆಯ ವಿಜ್ಞಾನದ ಅಕ್ಕೋರು ಪಟ್ಟಿಯಲ್ಲಿ ಮೊದಲು ಬರೆದಿರುವುದು 'ಮೂವಿ ಮ್ಯಾಜಿಕ್'. ಅಲ್ಲಿ ಪ್ರೇಕ್ಷಕರಲ್ಲಿ ಒಬ್ಬರನ್ನು ಕರೆದು ಶೋಲೆಯ ಬಸಂತಿಯಂತೆ ಟಾಂಗಾ ಮೇಲೆ ಕೂರಿಸುತ್ತಾರೆ. ಟಾಂಗಾ ಅಲುಗುತ್ತದೆ, ಮುಂದೆ ಹೋಗುವುದಿಲ್ಲ. ಆಮೇಲೆ ಹಿನ್ನೆಲೆಯ ಚಿತ್ರ, ಸದ್ದು ಎಲ್ಲ ಸೇರಿಸಿ ಪರದೆಯ ಮೇಲೆ ತೋರಿಸಿದಾಗ ಅದೇ ಟಾಂಗಾ ಓಡುತ್ತಿರುತ್ತದೆ.

"ಹೋದಸಲ ಇದs ತಪ್ಪಿತ್ತರಿ. ನಮ್ಮ ಹುಡುಗೂರು ದಿನಾ ಮೊಬೈಲ್‌ನ್ಯಾಗ ಏನೇನೋ ನೋಡತಾವ. ಕಣ್ಣಿಗೆ ಕಂಡದ್ದೆಲ್ಲಾ ಖರೇ ಅಲ್ಲ ಅನ್ನೂದು ಪಾಠದಾಗ ಹೇಳಿದ್ರ ತಿಳಿಯಂಗಿಲ್ಲ. ಅಲ್ಲಿ ಕಣ್ಣಾರೆ ನೋಡಿದ್ರ ಜಲ್ಮಕ್ಕ ಮರಿಯಂಗಿಲ್ಲ" ಎನ್ನುತ್ತಾರೆ ಅಕ್ಕೋರು.

ಲೆಕ್ಕದ ತೊಡಕು

ಸಹಲಿನ ಸಭೆಯಲ್ಲಿ ಎರಡು ಪಕ್ಷ ಆದವು. ಖರ್ಚು ಹೆಚ್ಚಾದರೂ ಎರಡು ರಾತ್ರಿ ಉಳಿದು ಸರಿಯಾಗಿ ನೋಡೋಣ, ಶಕ್ತಿ ಇದ್ದವರು ಬರಲಿ ಎಂದರು ಕೆಲವರು. ಒಂದೇ ದಿನ ಇರಲಿ, ಆದರೆ ಎಲ್ಲ ಮಕ್ಕಳೂ ಬರಲಿ ಎಂದರು ಇನ್ನು ಕೆಲವರು. ಮೊದಲ ಸುತ್ತಿನಲ್ಲಿ ಹೆಸರು ಕೊಟ್ಟವರು 27 ಮಕ್ಕಳು ಮಾತ್ರ. ಉಳಿದ 18 ಮಕ್ಕಳು ತಲೆ ತಗ್ಗಿಸಿ ಕೂತಿದ್ದರು.

ಆಗ ಹೆಡ್ ಮಾಸ್ತರು ಹಲಗೆಯ ಮೇಲೆ ಬರೆದ ಲೆಕ್ಕ ಇದು. ಬಸ್ ಬಾಡಿಗೆ 45 ಸಾವಿರ ರೂಪಾಯಿ ಎಂದುಕೊಳ್ಳಿ. ಬಸ್ಸಿನಲ್ಲಿ 45 ಮಕ್ಕಳಿದ್ದರೆ ತಲೆಗೆ 1,000 ರೂ. 30 ಮಕ್ಕಳಾದರೆ 1,500. 25 ಮಕ್ಕಳಾದರೆ 1,800. ಅಂದರೆ ಬಡ ಮಕ್ಕಳನ್ನು ಬಿಟ್ಟುಹೋದಷ್ಟೂ ಹೋಗುವವರ ಹೊರೆಯೇ ಹೆಚ್ಚುತ್ತದೆ. ಎಲ್ಲರನ್ನೂ ಕರೆದೊಯ್ದರೆ ಉಳಿಯುವ ರೊಕ್ಕದಲ್ಲಿ ವಸತಿಯ ಖರ್ಚಿನ ದೊಡ್ಡ ಪಾಲು ಬರುತ್ತದೆ!

ಈ ಲೆಕ್ಕ ನೋಡಿ ಸಭೆ ಸುಮ್ಮನಾಯಿತು. ಕೊನೆಗೆ ನಡುದಾರಿ ಸಿಕ್ಕಿತು. ಒಟ್ಟು ಮೂರು ದಿನದ ಪ್ರವಾಸ. ಆದರೆ ದುಬಾರಿ ಟಿಕೆಟ್ಟಿನ ಫಿಲಂ ಸಿಟಿ ನಡುವಿನ ಒಂದು ದಿನ, ಪೂರ್ತಿ ದಿನ. ಮೊದಲ ಮತ್ತು ಕೊನೆಯ ದಿನ ಕಡಿಮೆ ಖರ್ಚಿನ ಜಾಗಗಳು.

ಉಳಿದ ರೊಕ್ಕಕ್ಕೆ ದಾರಿ? ಗಣಪತಿ ಹಬ್ಬದ ಹೊತ್ತಿಗೆ ಶಾಲೆಯಲ್ಲಿ ಒಂದು ಡಬ್ಬಿ ಇಟ್ಟರು. ವಾರಕ್ಕೊಮ್ಮೆ ಮಕ್ಕಳು ತಮಗೆ ಆದಷ್ಟು ಹಾಕಬೇಕು. ಒಬ್ಬರು 10 ರೂ., ಒಬ್ಬರು 50 ರೂ. ಯಾರು ಎಷ್ಟು ಹಾಕಿದರು ಎಂಬ ವಹಿ ಅಕ್ಕೋರ ಹತ್ತಿರ ಮಾತ್ರ. ಪುಣೆ, ಸೊಲ್ಲಾಪುರಗಳಲ್ಲಿ ನೌಕರಿ ಮಾಡುವ ಹಳೆಯ ವಿದ್ಯಾರ್ಥಿಗಳಿಗೂ ಸುದ್ದಿ ಮುಟ್ಟಿತು. ಅವರೂ ಕೈಲಾದಷ್ಟು ಸೇರಿಸಿದರು.

ಯಾವಾಗ ಹೊರಡಬೇಕು?

ಹೈದರಾಬಾದಿನಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಫಿಲಂ ಸಿಟಿಯಲ್ಲಿ ಹೆಚ್ಚಿನದೆಲ್ಲ ಬಯಲಿನಲ್ಲೇ. ಮಳೆಗಾಲದಲ್ಲೂ ಸುತ್ತಾಟಕ್ಕೆ ತೊಂದರೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಅದರಲ್ಲೂ ನಾತಾಳ ರಜೆ, ಸಂಕ್ರಾಂತಿ, ಶನಿವಾರ, ಭಾನುವಾರ ಬಿಟ್ಟು ಹೋದರೆ ಸಾಲು ಸಣ್ಣದು.

ಆದರೆ ನಮ್ಮ ಕಡೆ ಇನ್ನೊಂದು ಪಂಚಾಂಗ ಇದೆ. ಡಿಸೆಂಬರಿನಲ್ಲಿ ತೊಗರಿ ಇನ್ನೂ ಹೊಲದಲ್ಲಿ ಇರುತ್ತದೆ. ರಾಶಿ ಆಗದೆ ಕೈಯಲ್ಲಿ ರೊಕ್ಕ ಇಲ್ಲ. ಕಬ್ಬು ಕಡಿಯುವ ಟೋಳಿಯ ಜೊತೆ ಹೋದ ಮನೆಗಳ ಮಕ್ಕಳು ಊರಲ್ಲೇ ಇರುವುದಿಲ್ಲ. ಫೆಬ್ರವರಿ ಕಳೆದರೆ ಪರೀಕ್ಷೆ ಹತ್ತಿರ. ಹೀಗೆ ಹಿಂದೆ ಮುಂದೆ ಎಣಿಸಿ ಶಾಲೆ ಗೊತ್ತುಮಾಡಿದ್ದು ಜನವರಿ ಕೊನೆಯ ವಾರ ಮುಗಿದ ಮೇಲಿನ ಮಂಗಳವಾರ, ಬುಧವಾರ, ಗುರುವಾರ.

ಮಂಗಳವಾರವೇ ಏಕೆ? ಮೊದಲು ಬುಧವಾರ ಹೊರಡುವುದೆಂದಿತ್ತು. ಆದರೆ ಮೂರನೇ ದಿನ ಶುಕ್ರವಾರ ಬರುತ್ತದೆ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ! ಇದನ್ನು ಕಂಡುಹಿಡಿದದ್ದು ಎಂಟನೇ ಇಯತ್ತೆಯ ಹುಡುಗಿ. ಅವತ್ತಿನಿಂದ ಅವಳೇ ಸಹಲಿನ 'ಟೈಮ್ ಟೇಬಲ್ ಮಂತ್ರಿ'.

ಮನೆ ಮುಂದಿನ ರಸ್ತೆಯೇ ದಾರಿ

ಸೊಲ್ಲಾಪುರದ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 65 ಇದೆಯಲ್ಲ, ಅದೇ ರಸ್ತೆ ಹೈದರಾಬಾದ್ ದಾಟಿ ಫಿಲಂ ಸಿಟಿಯ ಕಡೆಗೂ ಹೋಗುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಅಕ್ಕಲಕೋಟದವರು ನಳದುರ್ಗದ ಹತ್ತಿರ ಈ ಹೆದ್ದಾರಿ ಹಿಡಿಯಬಹುದು. ಉಮರ್ಗಾ ದಾಟಿದ ಮೇಲೆ ಕರ್ನಾಟಕ, ಹುಮನಾಬಾದಿನಲ್ಲಿ ಚಹಾ, ಜಹೀರಾಬಾದಿಗೆ ತೆಲಂಗಾಣ. ಒಂದೇ ಮುಂಜಾನೆಯಲ್ಲಿ ಮೂರು ರಾಜ್ಯ!

ಮೊದಲ ದಿನ ಬೆಳಗಿನ 5ಕ್ಕೆ ಬಿಟ್ಟರೆ ಮಧ್ಯಾಹ್ನ 1ರಿಂದ 2ರ ಒಳಗೆ ಗೋಲ್ಕೊಂಡ ಕೋಟೆ. ಕೋಟೆ ನಗರದ ಪಶ್ಚಿಮಕ್ಕೆ ಇರುವುದರಿಂದ ನಮ್ಮ ಕಡೆಯಿಂದ ಹೋಗುವವರಿಗೆ ದಾರಿಯಲ್ಲೇ ಸಿಕ್ಕಂತೆ. 15 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ. ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಮೇಲಿನ ಬಾಲಾಹಿಸಾರಿನಲ್ಲಿ ಕೇಳಿಸುವ ಚಮತ್ಕಾರ ಮಕ್ಕಳಿಗೆ ಪುಕ್ಕಟೆ ಪಾಠ. ಸಂಜೆ ಊರೊಳಗಿನ ಟ್ರಾಫಿಕ್ಕಿಗೆ ಸಿಗದೆ ಹೊರವರ್ತುಲ ರಸ್ತೆ ಹಿಡಿದು ಪೆದ್ದ ಅಂಬರಪೇಟೆಯಲ್ಲಿ ಇಳಿದರೆ ಹಯಾತ್‌ನಗರ ಹತ್ತಿರ. ರಾತ್ರಿ ವಸತಿ ಅಲ್ಲೇ ಸುತ್ತಮುತ್ತ.

ಎರಡನೇ ದಿನ ಬೆಳಗ್ಗೆ 8.30ಕ್ಕೆಲ್ಲ ಫಿಲಂ ಸಿಟಿಯ ಗೇಟು. ನಿದ್ದೆಯಾದ ಮಕ್ಕಳು, ಹೊಟ್ಟೆ ತುಂಬಿದ ಮಕ್ಕಳು. ಇಡೀ ಯೋಜನೆಯ ಗುಟ್ಟು ಇಷ್ಟೇ.

ಮೂರನೇ ದಿನ ಬೆಳಗ್ಗೆ 10ಕ್ಕೆ ಸಾಲಾರ್‌ಜಂಗ್. ತಾಸಿಗೊಮ್ಮೆ ಗಂಟೆ ಬಾರಿಸಲು ಗಡಿಯಾರದ ಒಳಗಿಂದ ಪುಟ್ಟ ಗೊಂಬೆ ಹೊರಗೆ ಬರುವುದನ್ನು ನೋಡಲು ಅಲ್ಲಿ ಜಾತ್ರೆಯೇ ಸೇರುತ್ತದೆ. ಸಮಯ ಸಿಕ್ಕರೆ ಕಾಚಿಗುಡದಲ್ಲಿ ನೃಪತುಂಗನ ಹೆಸರಿನಲ್ಲಿ ಶಾಲೆ ಕಟ್ಟಿದ ಹೈದರಾಬಾದ್ ಕನ್ನಡಿಗರನ್ನು ಕಂಡು ಬರುವ ಆಸೆ ಹೆಡ್ ಮಾಸ್ತರಿಗಿದೆ. "ಕನ್ನಡ ಸಾಲಿ ಅಂದ್ರ ನಮ್ಮದೊಂದs ಅಂತ ತಿಳಕೊಂಡಾವ್ರಿ ನಮ್ಮ ಹುಡುಗೂರು. ಕರ್ನಾಟಕದ ಹೊರಗ ನಮ್ಮಂಗ ಇನ್ನೂ ಮಂದಿ ಅದಾರ ಅಂತ ಗೊತ್ತಾಗಲಿ" ಎನ್ನುವುದು ಅವರ ಮಾತು. ಮಧ್ಯಾಹ್ನ ಬಿಟ್ಟರೆ ರಾತ್ರಿ 9ರ ಸುಮಾರಿಗೆ ಊರು.

ನಾರಾಯಣಪೇಟೆ, ಮಕ್ತಲ್, ಕೃಷ್ಣಾ ಭಾಗದವರಿಗೆ ಇನ್ನೂ ಸುಲಭ. 2023ರ ಅಕ್ಟೋಬರ್ 1ರಂದು ಕೃಷ್ಣಾ ಮಾರ್ಗವಾಗಿ ರಾಯಚೂರು-ಕಾಚಿಗುಡ ರೈಲು ಆರಂಭವಾಗಿದೆ. ಸೊಲ್ಲಾಪುರದಿಂದ ಮುಂಬೈ-ಹೈದರಾಬಾದ್ ಹುಸೇನಸಾಗರ ಎಕ್ಸ್‌ಪ್ರೆಸ್ ಇದೆ. ಹೈದರಾಬಾದಿನಲ್ಲಿ ಇಳಿದವರು ಮೆಟ್ರೊ ಹಿಡಿದು ಎಲ್.ಬಿ. ನಗರದವರೆಗೆ ಬಂದು, ಅಲ್ಲಿಂದ ಬಸ್ಸು ಅಥವಾ ಆಟೊದಲ್ಲಿ ಹೋಗಬಹುದು.

ಗಡಿ ದಾಟಿದರೆ ರಿಯಾಯಿತಿ ಇಲ್ಲ

ಸರ್ಕಾರಿ ಬಸ್ಸಿನಲ್ಲಿ ಹೊರಡುವ ಹೆಣ್ಣುಮಕ್ಕಳು ಒಂದು ಮಾತು ಗಮನಿಸಬೇಕು. 2023ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್ ಬಂತು. ಅದೇ ವರ್ಷ ಜೂನಿನಲ್ಲಿ ಕರ್ನಾಟಕದಲ್ಲಿ ಶಕ್ತಿ, ಡಿಸೆಂಬರಿನಲ್ಲಿ ತೆಲಂಗಾಣದಲ್ಲಿ ಮಹಾಲಕ್ಷ್ಮಿ ಯೋಜನೆಯಡಿ ಪುಕ್ಕಟೆ ಪ್ರಯಾಣ ಬಂತು. ಆದರೆ ಮಹಾರಾಷ್ಟ್ರದ ರಿಯಾಯಿತಿ ರಾಜ್ಯದ ಹದ್ದಿನವರೆಗೆ ಮಾತ್ರ. ಉಳಿದೆರಡು ಆಯಾ ರಾಜ್ಯದ ನಿವಾಸಿಗಳಿಗೆ ಮಾತ್ರ.

"ಆಧಾರ ಕಾರ್ಡ್ ಮಹಾರಾಷ್ಟ್ರದ್ದು, ಮಾತು ಕನ್ನಡ, ಹೋಗೂದು ತೆಲಂಗಾಣಕ್ಕ. ಕಂಡಕ್ಟರ್ ಮುಂದ ನಾವು ಎಲ್ಲಿಯವ್ರು ಅಂತ ಹೇಳೂದು ತಂಗೀ?" ಎಂದು ಮಗಳ ಜೊತೆ ಸಹಾಯಕ್ಕೆ ಹೊರಟಿರುವ ತಾಯಿಯೊಬ್ಬರು ಅಕ್ಕೋರನ್ನು ಕೇಳಿದಾಗ ಎಲ್ಲರೂ ನಕ್ಕರು. ನಕ್ಕರೂ ಮಾತು ಖರೇನೇ. ಹಾಗಾಗಿ ಪೂರ್ತಿ ಟಿಕೆಟ್ಟಿನ ಲೆಕ್ಕ ಇಟ್ಟುಕೊಂಡೇ ಹೊರಡುವುದು ಒಳ್ಳೆಯದು. ಖಾಸಗಿ ಬಸ್ ಗೊತ್ತುಮಾಡುವವರು ಮೂರೂ ರಾಜ್ಯಕ್ಕೆ ನಡೆಯುವ ಪರ್ಮಿಟ್ ಇದೆಯೇ ಎಂದು ಕಾಗದ ನೋಡಿಯೇ ಮುಂಗಡ ಕೊಡಬೇಕು. ಇಲ್ಲದಿದ್ದರೆ ಚೆಕ್‌ಪೋಸ್ಟಿನಲ್ಲಿ ಅರ್ಧ ದಿನ ಹೋದೀತು.

ಒಳಗೆ ಹೋದ ಮೇಲೆ

ಹೆದ್ದಾರಿ ಕಡೆಯ ಗೇಟಿನಲ್ಲಿ ಟಿಕೆಟ್. ಅಲ್ಲಿಂದ ನೋಡುವ ಜಾಗಕ್ಕೆ ನಡೆದು ಹೋಗುವಂತಿಲ್ಲ, ಅವರದೇ ಬಸ್ಸು ಕೆಲವು ಕಿ.ಮೀ. ಒಳಗೆ ಯುರೇಕಾ ಎಂಬಲ್ಲಿ ಇಳಿಸುತ್ತದೆ. ಸೆಟ್ಟುಗಳ ಸುತ್ತಾಟಕ್ಕೆ ಬೇರೆ ಬಸ್ಸು, ಜೊತೆಗೆ ವಿವರಿಸುವ ಗೈಡ್. ಮನೆಯಲ್ಲಿ ಕನ್ನಡ, ಬಾಜಾರಿನಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಗೈಡಿನ ಹಿಂದಿ ಕಷ್ಟವಾಗದು.

ಶಾಲೆಯ ಯೋಜನೆ ಹೀಗಿದೆ: ಬೆಳಗಿನ ತಂಪಿನಲ್ಲಿ ಮೊದಲು ಬಸ್ಸಿನ ಸುತ್ತಾಟ ಮತ್ತು ಬಾಹುಬಲಿ ಸೆಟ್ಟು. ಬಿಸಿಲೇರಿದ ಮೇಲೆ ಮೂವಿ ಮ್ಯಾಜಿಕ್ಕಿನಂಥ ಸೂರಿನಡಿಯ ಆಟಗಳು. ಊಟದ ನಂತರ ಸ್ಟಂಟ್ ಶೋ, ಕೊನೆಗೆ ರೈಡುಗಳು. ಶೋಗಳಿಗೆ ಹೊತ್ತು ಗೊತ್ತಿರುತ್ತದೆ. ಒಳಗೆ ಹೋದ ತಕ್ಷಣ ಅವತ್ತಿನ ವೇಳೆ ನೋಡಿ ಬರೆದುಕೊಳ್ಳಬೇಕು.

ಮನೆಮಂದಿಯೊಡನೆ, ಅದರಲ್ಲೂ ಮೊಣಕಾಲು ನೋವಿನ ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗುವವರು ಎಲ್ಲವನ್ನೂ ಒಂದೇ ದಿನ ನೋಡುವ ಹಟ ಹಿಡಿಯಬಾರದು. ಹತ್ತುವುದು ಇಳಿಯುವುದು ಬಹಳ. ಶಕ್ತಿ ಇದ್ದವರು ಒಳಗೇ ಇರುವ ಹೋಟೆಲುಗಳಲ್ಲಿ ಉಳಿದು ಎರಡು ದಿನ ಆರಾಮಾಗಿ ನೋಡಬಹುದು. ಸಿತಾರ, ತಾರಾ ಎಂಬ ಹೋಟೆಲುಗಳಲ್ಲದೆ ಗುಂಪಿನಲ್ಲಿ ಬರುವವರಿಗೆ ಸಹಾರಾ ಎಂಬ ವಸತಿಯೂ ಇದೆ. ದರ ಸೀಸನ್ನಿನಂತೆ ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸುವುದು ಲೇಸು.

ಇಷ್ಟು ನೆನಪಿರಲಿ

* ಶಾಲಾ ತಂಡಗಳಿಗೆ ಬೇರೆ ದರ ಇರುತ್ತದೆ. ಶಾಲೆಯ ಪತ್ರ ಕೊಟ್ಟು ಮೊದಲೇ ಮಾತಾಡಿ ಬುಕ್ ಮಾಡಿ. ಗೇಟಿನಲ್ಲಿ ನಿಂತು ಕೇಳಿದರೆ ತಡವಾಗುತ್ತದೆ.

* ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಸ್ಸಿನಲ್ಲೇ ಇರಲಿ. ದಾರಿಗೂ, ಸಂಜೆಗೂ ಆದೀತು. ಒಳಗಿನ ಮಧ್ಯಾಹ್ನದ ಊಟದ ಖರ್ಚು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

* ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಪ್ರಯಾಣ ಬೇಡವೇ ಬೇಡ. ಡ್ರೈವರಿಗೂ ರಾತ್ರಿ ಮಲಗಲು ಜಾಗ ಕೊಡಿ.

* ಇಬ್ಬಿಬ್ಬರು ಮಕ್ಕಳ ಜೋಡಿ ಮಾಡಿ. ಪ್ರತಿ ಮಗುವಿನ ಕಿಸೆಯಲ್ಲಿ ಶಿಕ್ಷಕರ ಫೋನ್ ನಂಬರ್ ಬರೆದ ಚೀಟಿ ಇರಲಿ. ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕು ಎಂಬುದನ್ನು ಒಳಗೆ ಕಾಲಿಟ್ಟ ಕೂಡಲೇ ತೋರಿಸಿ.

* ಪಾಲಕರ ಒಪ್ಪಿಗೆ ಪತ್ರ, ಇಲಾಖೆಯ ಪರವಾನಗಿ, ಔಷಧದ ಡಬ್ಬಿ ಮರೆಯಬೇಡಿ. ಬಸ್ಸಿನಲ್ಲಿ ವಾಂತಿ ಆಗುವ ಮಕ್ಕಳಿಗೆ ಮುಂದಿನ ಸೀಟು.

* ಹೊಸ ಬೂಟು ಹಾಕಿಸಬೇಡಿ. ಕಾಲು ಕಚ್ಚಿದರೆ ಮಗುವಿಗೆ ಇಡೀ ದಿನ ನೋವು.

ಎರಡು ಸೀಟು ಖಾಲಿ

ಈಗ ಪಟ್ಟಿಯಲ್ಲಿ 43 ಹೆಸರುಗಳಿವೆ. ಅವತ್ತು ತಲೆ ತಗ್ಗಿಸಿ ಕೂತಿದ್ದ 18 ಮಕ್ಕಳಲ್ಲಿ 16 ಮಕ್ಕಳು ಸೇರಿದ್ದಾರೆ. ಉಳಿದ ಇಬ್ಬರು ಅಣ್ಣ ತಂಗಿ. ದೀಪಾವಳಿ ಮುಗಿದ ಮೇಲೆ ತಂದೆ ತಾಯಿಯ ಜೊತೆ ಕಬ್ಬಿನ ಟೋಳಿಯಲ್ಲಿ ಹೋದವರು ಇನ್ನೂ ಬಂದಿಲ್ಲ. ಸಕ್ಕರೆ ಕಾರ್ಖಾನೆಯ ಹತ್ತಿರ ಕೊಪ್ಪಿ ಹಾಕಿಕೊಂಡು ಇದ್ದಾರೆ. ತಂದೆಗೆ ಫೋನ್ ಹಚ್ಚಿ ಹೆಡ್ ಮಾಸ್ತರು ಎರಡು ಸಲ ಮಾತಾಡಿದ್ದಾರೆ. ಕಾರ್ಖಾನೆ ನಿಲ್ಲುವವರೆಗೆ ಊರಿಗೆ ಬರುವುದು ಆಗುವುದಿಲ್ಲ, ಬೇಕಾದರೆ ಮಕ್ಕಳನ್ನು ಯಾರ ಜೊತೆಯಾದರೂ ಕಳಿಸುತ್ತೇನೆ ಎಂದು ಆತ ಹೇಳಿದ್ದಾನೆ.

ಡಬ್ಬಿಯಲ್ಲಿ ಅವರಿಬ್ಬರೂ ಹೋಗುವ ಮೊದಲು ಹಾಕಿದ ರೊಕ್ಕ ಹಾಗೇ ಇದೆ. ವಹಿಯಲ್ಲಿ ಹೆಸರೂ ಇದೆ. ಬಸ್ಸಿಗೆ ಒಟ್ಟು 49 ಸೀಟು, 45 ಮಕ್ಕಳು, 4 ಮಂದಿ ದೊಡ್ಡವರು. ಆ ಎರಡು ಸೀಟಿಗೆ ಬೇರೆಯವರನ್ನು ಹಾಕಿಕೊಳ್ಳಿ ಎಂದು ಕೆಲವರು ಕೇಳಿದ್ದೂ ಆಯಿತು.

"ಇಲ್ರಿ, ಕೊಡಂಗಿಲ್ಲ" ಎಂದರು ಹೆಡ್ ಮಾಸ್ತರು, ಹಲಗೆ ಒರೆಸುತ್ತ. "ಸೋಮವಾರ ಸಂಜೀಕ ನಾನs ಮೋಟರ್‌ಸೈಕಲ್ ತಗೊಂಡು ಹೋಗಿ ಕರಕೊಂಡು ಬರತೀನಿ. ರಾತ್ರಿ ನಮ್ಮ ಮನ್ಯಾಗ ಮಲಗತಾವ. ಮುಂಜಾನಿ ಐದಕ್ಕ ಎಲ್ಲಾರ ಜೋಡಿ ಬಸ್ ಹತ್ತತಾವ."